ಮಟಮಟ ಮಧ್ಯಾಹ್ನದ ಬೆಳದಿಂಗಳು

ಹಳೆಯ ದೆವ್ವದ ಸಿನಿಮಾ ಹಾಕಿಕೊಂಡು ನಾನು ಕುಳಿತೆನೆಂದರೆ ನಮ್ಮ ಮನೆಯಲ್ಲಿ ನಗೆ ಶುರುವಾಗುತ್ತದೆ.

"ಅವ್ವಾ, ಬಾವಲಿಗೆ ಕಟ್ಟಿದ ದಾರ ಕಾಣಾಕತ್ತೈತಿ ನೋಡು," ಎನ್ನುತ್ತಾಳೆ ಮಗಳು.

ಕಾಣಲಿ ಬಿಡಿ. ದಾರ ನನಗೂ ಕಾಣುತ್ತದೆ. ಎಲುಬಿನ ಗೂಡಿನ ಮೊಣಕಾಲಿಗೆ ಸುತ್ತಿದ ತಂತಿ, ಗಾಳಿಗೆ ಉಬ್ಬುವ ಬಟ್ಟೆಯ ಗೋಡೆ, ಸತ್ತು ಬಿದ್ದವನ ಹೊಟ್ಟೆ ಉಸಿರಿಗೆ ಏರಿಳಿಯುವುದು, ಎಲ್ಲವೂ ಕಾಣುತ್ತದೆ. ಕಂಡಷ್ಟೂ ನನಗೆ ಮೈ ಜುಮ್ಮೆನ್ನುತ್ತದೆ. ಕೋಟಿಗಟ್ಟಲೆ ಸುರಿದು ಕಂಪ್ಯೂಟರಿನಲ್ಲಿ ಹುಟ್ಟಿಸಿದ ಈಗಿನ ಪಿಶಾಚಿಗಳು ಒಂದು ದಿನವೂ ನನ್ನ ನಿದ್ದೆ ಕೆಡಿಸಿಲ್ಲ. ಆದರೆ ನಾಲ್ಕು ಜನ ಸೇರಿ, ಒಂದು ಸೀರೆ, ಒಂದು ಫ್ಯಾನು, ಒಂದಿಷ್ಟು ತೆಂಗಿನ ಸಿಪ್ಪೆಯ ಹೊಗೆ ಇಟ್ಟುಕೊಂಡು ಊರಿಗೆ ಊರನ್ನೇ ಹೆದರಿಸಿಬಿಡುತ್ತೇವೆ ಎಂದು ಹೊರಡುತ್ತಾರಲ್ಲ, ಆ ಎದೆಗಾರಿಕೆಗೆ ನಾನು ಕೈ ಮುಗಿಯುತ್ತೇನೆ. ಅಂಥದೊಂದು ಸಿನಿಮಾ ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಮೆಟ್ಟಿಲ ಮೇಲೆಯೇ ತಯಾರಾಯಿತು. ಅದರ ದೆವ್ವ ನಮ್ಮ ಆಯಿ, ಅಂದರೆ ಅಪ್ಪನ ತಾಯಿ.

ಅಪ್ಪ ಬ್ಯಾಂಕಿನಲ್ಲಿದ್ದರು. ಧಾರವಾಡದಿಂದ ವಿಶಾಖಪಟ್ಟಣಕ್ಕೆ ವರ್ಗವಾದಾಗ ಬಂದರಿನ ಹಿಂದಿನ ಹಳೆಯ ಪೇಟೆಯಲ್ಲಿ ಒಂದು ಮಹಡಿ ಮನೆಯ ಕೆಳಭಾಗ ಬಾಡಿಗೆಗೆ ಸಿಕ್ಕಿತು. ಯಾವ ಕಾಲದಲ್ಲೋ ಒಬ್ಬ ವ್ಯಾಪಾರಿ ಕಟ್ಟಿಸಿದ್ದ ಮನೆ. ದಪ್ಪ ಗೋಡೆ, ಎರಡಾಳು ಎತ್ತರದ ಬಾಗಿಲು, ಬಣ್ಣದ ಗಾಜಿನ ಕಿಟಕಿ, ಅಂಗಳದಿಂದ ಮಹಡಿಗೆ ಹೊರಗಡೆಯಿಂದಲೇ ಏರುವ, ಎರಡೂ ಬದಿಗೆ ಗೋಡೆಯಿದ್ದ ಅಗಲವಾದ ಕಲ್ಲಿನ ಮೆಟ್ಟಿಲು. ಮಳೆ ಬಂದರೆ ಸೋರುತ್ತಿದ್ದುದರಿಂದ ಮಹಡಿಯಲ್ಲಿ ಯಾರೂ ಇರಲಿಲ್ಲ, ಪಾರಿವಾಳಗಳು ಇದ್ದವು. ಹಡಗಿಗೆ ಅದಿರು ತುಂಬುವ ದಿನ ಕೆಂಪು ಧೂಳು ಹಾರಿಬಂದು ಕಿಟಕಿಯ ಕಟ್ಟೆ, ದೇವರ ಗೂಡು, ಒಣಹಾಕಿದ ಬಟ್ಟೆ, ಎಲ್ಲದರ ಮೇಲೂ ಕೂರುತ್ತಿತ್ತು. ಅವ್ವ ಒರೆಸಿ ಒರೆಸಿ ಆ ಧೂಳಿನ ವಂಶವನ್ನೆಲ್ಲ ಬೈಯುತ್ತಿದ್ದಳು. ಜೋಳದ ಹಿಟ್ಟು ಮಾತ್ರ ಧಾರವಾಡದಿಂದಲೇ ಬರಬೇಕು. ಅವ್ವ ರೊಟ್ಟಿ ಬಡಿಯುವ ಸದ್ದು ಕೇಳಿ ಪಕ್ಕದ ಮನೆಯ ಹೆಂಗಸರು ನೋಡಲು ಬಂದು, ಹೋಗುವಾಗ ಒಂದು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ ಒಯ್ದು, ಬಟ್ಟಲಲ್ಲಿ ಗೋಂಗೂರ ಪಚ್ಚಡಿ ಕಳಿಸುತ್ತಿದ್ದರು. ನನಗೆ ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ತೆಲುಗು, ಜಗಳಕ್ಕೂ ತೆಲುಗು. ಕನ್ನಡ ಹೊಸ್ತಿಲ ಒಳಗೆ ಮಾತ್ರ.

ಹಿಂದಿನ ಕೋಣೆ ಆಯಿಯದು. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಅಜ್ಜ ತೀರಿಹೋಗಿದ್ದ. ಅಂದಿನಿಂದ ಆಯಿ ಉಡುತ್ತಿದ್ದುದು ಕರಿಯಂಚಿನ ಬಿಳಿ ಸೀರೆ, ತಲೆಯ ತುಂಬ ಸೆರಗು. ಅಪ್ಪ ಬ್ಯಾಂಕಿಗೆ ಹೊರಡುವ ಹೊತ್ತಾಯಿತೆಂದರೆ ತಾನಾಗಿಯೇ ಎದ್ದು ಒಳಗೆ ಹೋಗುತ್ತಿದ್ದಳು, ಸ್ಕೂಟರಿನ ಸದ್ದು ಬೀದಿಯ ತಿರುವು ದಾಟಿದ ಮೇಲೆಯೇ ಹೊರಗೆ ಬರುತ್ತಿದ್ದಳು. ಹಬ್ಬದಲ್ಲಿ ಅವ್ವ ಆರತಿ ತಟ್ಟೆ ಎತ್ತಿದಾಗಲೂ ಅಷ್ಟೇ. ಒಳಗೆ ಹೋಗು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ, ಇಲ್ಲೇ ಇರು ಎಂದು ಹೇಳಿದ್ದನ್ನೂ ಕೇಳಿಲ್ಲ. ಹಾಗೆಂದು ಆಯಿ ಮೆತ್ತಗಿನವಳೆಂದು ತಿಳಿಯಬೇಡಿ. ಬಾಯಿ ಮೆಣಸಿನಕಾಯಿ. ಬಚ್ಚಲಿಗೆ ಹಾವು ಬಂದರೆ ಅಪ್ಪ ಮಂಚ ಏರುತ್ತಿದ್ದರು, ಆಯಿ ಕಟ್ಟಿಗೆ ತರುತ್ತಿದ್ದಳು. ಮಹಡಿಯಲ್ಲಿ ದೆವ್ವ ಇದೆಯಂತೆ ಎಂದು ನಾನು ಹೆದರಿದಾಗ ಆಯಿ ನಕ್ಕಿದ್ದಳು.

"ಸತ್ತವರು ಏನ್ ಮಾಡ್ತಾರವ್ವಾ? ಅಂಜೂದಿದ್ರ ಇದ್ದವರಿಗೆ ಅಂಜು."

ಒಂದು ಬೇಸಿಗೆ ರಜೆಯಲ್ಲಿ ಸಿನಿಮಾದವರು ಬಂದರು. ಮನೆಯ ಮಾಲೀಕರ ಪರಿಚಯದವರಂತೆ, ಮಹಡಿ ಮತ್ತು ಮೆಟ್ಟಿಲು ಕೆಲವು ದಿನ ಬೇಕಂತೆ. ಬಂದದ್ದು ಒಂದೇ ಒಂದು ಮುರುಕು ವ್ಯಾನು. ಅದರಿಂದ ಇಳಿದವರು ಹೆಗಲ ಮೇಲೆ ಟವೆಲು ಹಾಕಿದ ಸಣಕಲು ಡೈರೆಕ್ಟರು, ಒಬ್ಬ ಕ್ಯಾಮೆರಾದವನು, ಬೋಳುತಲೆಗೆ ಟೋಪನ್ ಹಾಕಿಕೊಂಡ ದಪ್ಪ ಹೀರೋ, ಮತ್ತೆ ನಾಲ್ಕಾರು ಜನ. ಅವರ ಕೆಲಸ ನೋಡುತ್ತ ನಾನೂ ಆಯಿಯೂ ಅಂಗಳ ಬಿಟ್ಟು ಕದಲಲಿಲ್ಲ. ಕರಿ ಬಟ್ಟೆ ಕತ್ತರಿಸಿ ಬಾವಲಿ ಹೊಲಿದರು. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನು ಹಲಗೆಗೆ ಅಂಟಿಸಿ ಬಿಸಿಲನ್ನು ಬೇಕಾದ ಕಡೆಗೆ ತಿರುಗಿಸಿದರು. ತೆಂಗಿನ ಸಿಪ್ಪೆಗೆ ಕೆಂಡ ಹಾಕಿ, ಮೇಲೆ ಸಾಂಬ್ರಾಣಿ ಉದುರಿಸಿ, ಮಂಜು ಮಾಡಿದರು. ಆ ಮಂಜು ಅಡುಗೆಮನೆಗೆ ನುಗ್ಗಿ ಅವ್ವ ಕೆಮ್ಮುತ್ತ ಹೊರಗೆ ಓಡಿಬಂದಳು. ಇಷ್ಟೆಲ್ಲ ಆದರೂ ಆಯಿಗೆ ಒಂದು ಅನುಮಾನ ಉಳಿದಿತ್ತು. ದೆವ್ವದ ಸಿನಿಮಾ ಅಂತಾರೆ, ಕೆಲಸವೆಲ್ಲ ಹಗಲಿನಲ್ಲೇ ಮಾಡುತ್ತಾರೆ. ರಾತ್ರಿ ಯಾವಾಗ? ನಾನು ಆಕೆಯ ಪ್ರಶ್ನೆಯನ್ನು ತೆಲುಗು ಮಾಡಿ ಕ್ಯಾಮೆರಾದವನಿಗೆ ಕೇಳಿದೆ. ಅವನು ನಕ್ಕು, ಜೇಬಿನಿಂದ ಅಂಗೈಯಷ್ಟು ನೀಲಿ ಗಾಜು ತೆಗೆದು ಆಯಿಯ ಕಣ್ಣ ಮುಂದೆ ಹಿಡಿದ. ಮಟಮಟ ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು. ಆಯಿ ಆ ಗಾಜಿನಲ್ಲಿ ಅಂಗಳ ನೋಡಿದಳು, ಮೆಟ್ಟಿಲು ನೋಡಿದಳು, ತುಳಸಿಕಟ್ಟೆ ನೋಡಿದಳು. ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಎಲಾ ಇವನ! ಹಾಡೇಹಗಲ ಬೆಳದಿಂಗಳ ಮಾಡಿಟ್ಟಾನಲ್ಲೋ!"

ನಾನೂ ನೋಡಿದೆ. ನಮ್ಮದೇ ಅಂಗಳ, ನಮ್ಮದೇ ಬಕೆಟ್ಟು, ಹಗ್ಗದ ಮೇಲೆ ನನ್ನದೇ ಲಂಗ. ಆದರೆ ಎಲ್ಲದರ ಮೇಲೂ ತಣ್ಣನೆಯ ನೀಲಿ ಬೆಳಕು ಬಿದ್ದು, ನೆರಳುಗಳು ಕಪ್ಪಗೆ ಗಟ್ಟಿಯಾಗಿ, ಯಾರೂ ಇಲ್ಲದ ಊರಿನಂತೆ ಕಂಡಿತು. ಒಂದು ಚೂರು ಗಾಜು ಇಷ್ಟು ಮಾಡಬಹುದೆಂದರೆ ನನಗೆ ನಂಬಿಕೆಯೇ ಬರಲಿಲ್ಲ. ಈ ವಯಸ್ಸಿನಲ್ಲೂ ಪೂರ್ತಿ ಬಂದಿಲ್ಲ.

ಅಷ್ಟರಲ್ಲಿ ದೆವ್ವಕ್ಕೇ ಮಂಗನಬಾವು ಬಂತು. ದೆವ್ವದ ಪಾತ್ರದ ಹೆಂಗಸಿನ ಕೆನ್ನೆ ಕುಂಬಳಕಾಯಿಯಾಗಿ ಆಕೆ ಊರಿಗೆ ಹೋದಳು. ಬೇರೆ ಯಾರನ್ನಾದರೂ ಕರೆಸುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಅವ್ವನಿಗೆ ಮೊಣಕಾಲಿನವರೆಗೂ ಕೂದಲು. ಡೈರೆಕ್ಟರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಮುಗಿದು, ಅಮ್ಮಗಾರು ಒಂದೇ ಒಂದು ಸಲ ಮೆಟ್ಟಿಲು ಇಳಿದರೆ ಸಾಕು ಎಂದು ಕೇಳಿದರು. ಸಂಜೆ ಊಟಕ್ಕೆ ಕುಳಿತಾಗ ಅದು ಅಪ್ಪನ ಕಿವಿಗೆ ಬಿತ್ತು.

"ಬ್ಯಾಂಕಿನ ಸಾಹೇಬರ ಹೆಂಡ್ತಿ ದೆವ್ವ ಆದ್ಲು ಅಂತ ಮಂದಿ ಆಡ್ಕೊಳ್ಳಲಿ ಅಂತೇನು?"

"ನಾನೇನ್ ಹೂಂ ಅಂದೇನೇನ್ರಿ?" ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಮುತ್ತೈದಿ ಆದಾಕಿ ಕುಂಕುಮಾ ಅಳಿಸಿ ಬಿಳಿ ಸೀರಿ ಉಡೂದಂದ್ರ ಏನು? ಬಿಡ್ತು ಅನ್ರಿ."

ಗೋಡೆಗೆ ಒರಗಿ ರೊಟ್ಟಿ ಮುರಿಯುತ್ತಿದ್ದ ಆಯಿ ತಲೆ ಎತ್ತದೆ ಹೇಳಿದಳು.

"ಹಂಗಾರ ನಾ ನಿಂದರತೇನಿ. ನನಗೇನ್ ಬಿಳಿ ಸೀರಿ ಹೊಸಾದಲ್ಲ."

"ಯವ್ವಾ, ಚ್ಯಾಷ್ಟಿ ಬ್ಯಾಡ."

"ಚ್ಯಾಷ್ಟಿ ಅಲ್ಲೋ ತಮ್ಮಾ. ಅವನ ನೀಲಿ ಗಾಜಿನ್ಯಾಗ ನಾನೂ ಒಮ್ಮಿ ನಿಂತು ನೋಡತೇನಿ."

ಅಪ್ಪ ಬಹಳ ಹೊತ್ತು ವಾದ ಮಾಡಿದರು. ಬಳಗದವರು ಏನೆನ್ನುತ್ತಾರೆ, ಬ್ಯಾಂಕಿನವರು ಏನೆನ್ನುತ್ತಾರೆ, ಈ ವಯಸ್ಸಿನಲ್ಲಿ ಕಾಲು ಜಾರಿದರೆ ಯಾರು ಗತಿ. ಆಯಿ ಎಲ್ಲದಕ್ಕೂ ಒಂದೇ ಉತ್ತರವಾಗಿ ಇನ್ನೊಂದು ಚೂರು ರೊಟ್ಟಿ ಹಾಕಿಸಿಕೊಂಡಳು. ಹಟಕ್ಕೆ ಬಿದ್ದರೆ ಆಕೆ ಜಗ್ಗುವವಳಲ್ಲ ಎಂಬುದು ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಒಂದು ಕರಾರು ಹಾಕಿದರು: ಮುಖ ಮಾತ್ರ ಕಾಣಬಾರದು. ಬೆನ್ನು ಕಾಣಲಿ, ಕೈ ಕಾಣಲಿ, ಕೂದಲು ಕಾಣಲಿ, ಮುಖ ಬೇಡ. ಡೈರೆಕ್ಟರು ತಾಯಿಯಾಣೆ ಎಂದರು. ಫೋಟೋದಾಗಂತೂ ಮಾರಿ ಇಲ್ಲ, ಇದರಾಗೂ ಬ್ಯಾಡಂತ ಎಂದು ಅವ್ವ ಆಮೇಲೆ ಪಾತ್ರೆ ತೊಳೆಯುತ್ತ ತನ್ನಷ್ಟಕ್ಕೇ ಗೊಣಗಿದ್ದು ನನಗೆ ಕೇಳಿಸಿತು. ನಮ್ಮ ಮನೆಯಲ್ಲಿ ಆಯಿಯ ಒಂದೇ ಒಂದು ಫೋಟೋ ಇಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ. ಮದುವೆ ಮುಂಜಿಗಳಲ್ಲಿ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವ ಹೊತ್ತಿಗೆ ಆಯಿ ಸರಿಯಾಗಿ ಅಡುಗೆಯವರ ಕಡೆ ಹೋಗಿರುತ್ತಿದ್ದಳಂತೆ. ಅಪ್ಪನ ಮದುವೆಯ ಫೋಟೋದಲ್ಲೂ ಅಪ್ಪನ ತಾಯಿ ಇಲ್ಲ.

ಮರುದಿನ ಅಪ್ಪ ಬ್ಯಾಂಕಿಗೆ ಹೋದ ಮೇಲೆ ಕೆಲಸ ಶುರುವಾಯಿತು. ದೆವ್ವದ ಕೈಗೆ ರಕ್ತ ಬೇಕು. ಅವರು ತಂದಿದ್ದ ಕೆಂಪು ಪಾಕಕ್ಕೆ ಇರುವೆ ಮುತ್ತಿ ಹೋಗಿತ್ತು. ಅವ್ವ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದವಳು, ಒಳಗೆ ಹೋಗಿ ನೀರಿಗೆ ಅರಿಶಿನ ಕಲಸಿ, ಚಿಟಿಕೆ ಸುಣ್ಣ ಹಾಕಿ ತಂದಳು. ನಮ್ಮ ಕಣ್ಣೆದುರಿಗೇ ಹಳದಿ ನೀರು ಕೆಂಪಾಗಿ ತಿರುಗಿತು. ಡೈರೆಕ್ಟರು ಚಪ್ಪಾಳೆ ಹೊಡೆದರು. ಆಯಿ ಮಾತ್ರ ಕೈ ಹಿಂದಕ್ಕೆ ಎಳೆದುಕೊಂಡಳು.

"ಆರತಿ ನೀರಾಗ ನಾ ಕೈ ಹಾಕಬಾರದು."

"ಅತ್ತೀ, ಇದು ಆರತಿ ನೀರಲ್ಲರಿ, ಸಿನಿಮಾದ ರಕ್ತ. ಹಾಕ್ರಿ ಸುಮ್ಮ."

ಆಯಿ ಕೈ ಅದ್ದಿದಳು. ಸೆರಗು ಇಳಿಸಿ ತುರುಬು ಬಿಚ್ಚಿದಳು. ಆಕೆಯ ಕೂದಲನ್ನು ನಾನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ತೆಳ್ಳಗೆ, ಬೆಳ್ಳಗೆ, ಸೊಂಟ ದಾಟಿ ಇಳಿದಿತ್ತು. ಅಪ್ಪನ ಕರಾರಿನಂತೆ ಅದನ್ನೇ ಮುಖದ ಮೇಲೆ ಹರಡಿದರು. ಮೆಟ್ಟಿಲ ತುದಿಯಲ್ಲಿ ಹೊಗೆಯ ನಡುವೆ ಆಕೆ ನಿಂತಾಗ, ಇದು ನನಗೆ ತಲೆ ಬಾಚುವ ಆಯಿ ಎಂದು ಗೊತ್ತಿದ್ದೂ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮಾಡಬೇಕಾದ್ದು ಇಷ್ಟೆ: ಹೀರೋ ಟಾರ್ಚು ಹಿಡಿದು ಕೆಳಗಿನಿಂದ ಏರುತ್ತಾನೆ, ದೆವ್ವ ಮೇಲಿನಿಂದ ಇಳಿಯುತ್ತ ಅವನ ಎದುರಿಗೇ ಬರಬೇಕು, ಅವನು ಹೆದರಿ ಗೋಡೆಗೆ ಒರಗಬೇಕು. ಕ್ಯಾಮೆರಾ ಓಡಿತು. ಆಯಿ ಒಂದೊಂದೇ ಮೆಟ್ಟಿಲು ಇಳಿದಳು. ಹೀರೋ ಎರಡು ಮೆಟ್ಟಿಲು ದೂರ ಇದ್ದಾನೆನ್ನುವಾಗ ಆಯಿ ಸರಕ್ಕನೆ ಪಕ್ಕಕ್ಕೆ ಸರಿದು, ಮುಖ ಗೋಡೆಗೆ ತಿರುಗಿಸಿ, ತಲೆಯ ಮೇಲೆ ಸೆರಗೆಳೆದುಕೊಂಡು ನಿಂತುಬಿಟ್ಟಳು. ಅವನು ದಾಟಿ ಹೋಗಲಿ ಎಂದು.

"ಕಟ್!"

ಮತ್ತೆ ತೆಗೆದರು, ಮತ್ತೆ ಹಾಗೇ ಆಯಿತು. ಮುಂದಿನ ಸಲ ಹೀರೋ ಕೂಡ ಹಿರಿಯಳೆಂದು ಪಕ್ಕಕ್ಕೆ ಸರಿದ. ದೆವ್ವವೂ ಮನುಷ್ಯನೂ ಎದುರುಬದುರು ಗೋಡೆಗಳಿಗೆ ಅಂಟಿಕೊಂಡು, ನೀವು ಮೊದಲು ನೀವು ಮೊದಲು ಎನ್ನುವಂತೆ ನಿಂತರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಡೈರೆಕ್ಟರು ನಗಲಿಲ್ಲ, ದಂಡವಾಗಿ ಓಡಿಹೋದ ರೀಲಿನ ಲೆಕ್ಕ ಅವರ ಮುಖದಲ್ಲೇ ಕಾಣುತ್ತಿತ್ತು. ಟವೆಲಿನಿಂದ ತಲೆ ಒರೆಸಿಕೊಂಡು ಮೆಟ್ಟಿಲೇರಿ ಬಂದರು. ಅಜ್ಜಿಯರಿಗೆ ತೆಲುಗಿನಲ್ಲಿ ಹೇಳುವಂತೆ ಬಾಮ್ಮಗಾರೂ ಎಂದು ಕರೆದರು.

"ದೆಯ್ಯಂ ಎವರಿಕೀ ದಾರಿ ಇವ್ವದು, ಬಾಮ್ಮಗಾರೂ. ಅಂದರೂ ದಾನಿಕೇ ದಾರಿ ಇವ್ವಾಲಿ."

ನಾನು ಕನ್ನಡ ಮಾಡಿದೆ.

"ಆಯಿ, ದೆವ್ವ ಯಾರಿಗೂ ದಾರಿ ಬಿಡೂದಿಲ್ಲಂತ. ಎಲ್ಲಾರೂ ದೆವ್ವಕ್ಕ ದಾರಿ ಬಿಡಬೇಕಂತ."

ಆಯಿ ತನ್ನ ಕಾಲುಗಳನ್ನೇ ನೋಡಿಕೊಂಡಳು.

"ಹೊಂಟವರಿಗೆ ನಾ ಎದುರಾಗಬಾರದವ್ವಾ. ಕಾಲು ತಾವ ಸರೀತಾವ. ನಾ ಏನ್ ಮಾಡಲಿ?"

ಇದನ್ನು ತೆಲುಗಿಗೆ ತಿರುಗಿಸಲು ಬಾಯಿ ತೆರೆದವಳು ಹಾಗೇ ನಿಂತೆ. ತೆಲುಗಿನಲ್ಲಿ ಇದಕ್ಕೆ ಮಾತಿಲ್ಲವೆಂದಲ್ಲ. ಅಷ್ಟು ವರ್ಷ ಆಕೆ ಸ್ಕೂಟರಿನ ಸದ್ದಿಗೆ ಒಳಗೆ ಹೋಗುತ್ತಿದ್ದುದು ಯಾಕೆ ಎಂದು ಆ ಕ್ಷಣದಲ್ಲಿ ನನಗೆ ಅರ್ಥವಾಯಿತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಆಗ ಅವ್ವ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ಹೀರೋನನ್ನು ಕಣ್ಣಲ್ಲೇ ಪಕ್ಕಕ್ಕೆ ಸರಿಸಿ, ಅವನ ಜಾಗದಲ್ಲಿ, ಮೆಟ್ಟಿಲ ಕೆಳಗೆ ತಾನು ನಿಂತಳು. ಹಣೆಯ ತುಂಬ ಕುಂಕುಮ, ಕೈತುಂಬ ಹಸಿರು ಬಳೆ.

"ಅತ್ತೀ, ನಾ ಹೊಂಟೇನಿ ಅಂತ ತಿಳೀರಿ. ಎದುರ ಬರ್ರಿ ನನಗ."

"ಹುಚ್ಚಿ, ಸರಿ ಅತ್ತಾಗ. ಕೆಟ್ಟ ಆಗ್ತೈತಿ."

"ಆಗೂದು ಆಗಲಿ. ಬರ್ರಿ."

ಅವ್ವ ಏರತೊಡಗಿದಳು. ಆಯಿ ಅಲ್ಲಾಡಲಿಲ್ಲ. ಅವ್ವ ನಡುವಿಗೆ ಬಂದಾಗ ಆಯಿ ಒಂದು ಮೆಟ್ಟಿಲು ಇಳಿದಳು, ಇನ್ನೊಂದು ಇಳಿದಳು. ಕಾಲು ಗೋಡೆಯ ಕಡೆ ಎಳೆಯುತ್ತಿದ್ದುದು ನನಗೆ ಕಾಣುತ್ತಿತ್ತು. ಕೆಂಪು ಕೈಗಳಿಂದ ಸೀರೆಯ ನಿರಿಗೆ ಹಿಡಿದು, ಹೊಳೆಯಲ್ಲಿ ಸೆಳವಿಗೆ ಎದುರಾಗಿ ನಡೆಯುವವಳಂತೆ, ಆಯಿ ನೇರವಾಗಿ ಬಂದಳು. ಅವ್ವನ ಎದುರಿಗೆ ಬಂದು ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಅವ್ವ ಸೆರಗು ಸರಿಮಾಡಿಕೊಂಡು ಗೋಡೆಯ ಬದಿಗೆ ಸರಿದು ಅತ್ತೆಗೆ ದಾರಿ ಬಿಟ್ಟಳು.

ಮುಂದಿನ ಟೇಕು ಕೊನೆಯದು. ಆಯಿ ಇಳಿದು ಬಂದ ರೀತಿಗೆ ಆ ದಪ್ಪ ಹೀರೋ ನಟಿಸುವುದನ್ನೇ ಮರೆತು ನಿಜವಾಗಿ ಹಿಂದೆ ಹಿಂದೆ ಹೋಗಿ ಗೋಡೆಗೆ ಬಡಿದುಕೊಂಡ, ಟೋಪನ್ ಓರೆಯಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆಯಿ ನಿಲ್ಲಲಿಲ್ಲ. ಕೊನೆಯ ಮೆಟ್ಟಿಲಿಗೆ ಬಂದು, ಮುಖದ ಮೇಲಿನ ಕೂದಲನ್ನು ಕೆಂಪು ಕೈಯಿಂದ ಸರಿಸಿ, ಕ್ಯಾಮೆರಾದ ಕಡೆಗೆ ನೆಟ್ಟಗೆ ನೋಡಿದಳು. ಕಟ್ ಎಂದು ಹೇಳಲು ಯಾರಿಗೂ ನೆನಪಾಗಲಿಲ್ಲ.

ಅಪ್ಪನಿಗೆ ನಾವ್ಯಾರೂ ಅದನ್ನು ಹೇಳಲಿಲ್ಲ. ಮರುದಿನ ಬೆಳಗ್ಗೆ ಅವರು ಸ್ಕೂಟರು ಹೊರಗೆ ತೆಗೆದಾಗ ಆಯಿ ಮೆಟ್ಟಿಲ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು, ಏಳಲಿಲ್ಲ. ಅಪ್ಪ ಕೀಲಿ ಹುಡುಕುವವರಂತೆ ಸ್ವಲ್ಪ ಹೊತ್ತು ಜೇಬು ತಡಕಾಡಿ, ಹೊರಟರು. ಸಂಜೆ ಕೂದಲೂ ಕೊಂಕದೆ ಮನೆಗೆ ಬಂದರು.

ಸಿನಿಮಾ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಅಪ್ಪನಿಗೆ ವಿಜಯವಾಡಕ್ಕೆ ವರ್ಗವಾಯಿತು. ಸಮುದ್ರ ಹೋಗಿ ಕಾಲುವೆ ಬಂತು. ನೆಲಕ್ಕೆ ನೀರು ಚೆಲ್ಲಿ ಅದರ ಮೇಲೆ ಮಲಗುವಂಥ ಬಿಸಿಲು ಬಂತು. ಡಬ್ಬಿಯಂಥ ಸಣ್ಣ ಮನೆ, ಮೆಟ್ಟಿಲು ಇಲ್ಲ. ಸಿನಿಮಾ ಏನಾಯಿತೋ ಎಂದು ಆಯಿ ಆಗೀಗ ಕೇಳುತ್ತಿದ್ದಳು, ಆಮೇಲೆ ಕೇಳುವುದನ್ನೂ ಬಿಟ್ಟಳು. ಆಕೆಗೆ ಬೇಕಾದದ್ದು ಏನೆಂದು ನನಗೂ ಅವ್ವನಿಗೂ ಗೊತ್ತಿತ್ತು. ಆ ಕೊನೆಯ ನೋಟ ಸಿನಿಮಾದಲ್ಲಿ ಉಳಿದಿದೆಯೋ, ಕತ್ತರಿಸಿ ಎಸೆದಿದ್ದಾರೋ? ಒಂದು ದಿನ ಶಾಲೆಯಿಂದ ಬರುವಾಗ ಸೈಕಲ್ ಅಂಗಡಿಯ ಗೋಡೆಯ ಮೇಲೆ ಪೋಸ್ಟರು ಕಂಡೆ. ನಮ್ಮ ಮಹಡಿ ಮನೆ, ಮೇಲೊಂದು ತಲೆಬುರುಡೆ. ಮನೆಗೆ ಓಡಿದೆ. ಅಪ್ಪ ಬೇಡವೆನ್ನಲಿಲ್ಲ.

"ಹೆಂಗೂ ಮಾರಿ ಕಾಣೂದಿಲ್ಲಲ್ಲ, ನಡೀರಿ," ಎಂದರು.

ಅವ್ವ ನನ್ನ ಕೈ ಚಿವುಟಿದಳು.

ಮಧ್ಯಾಹ್ನದ ಆಟ. ತಗಡಿನ ಮಾಡಿನ ಹಳೆಯ ಟಾಕೀಸು, ತಿರುಗಿದರೂ ಗಾಳಿ ಬಾರದ ಫ್ಯಾನುಗಳು. ಅದಕ್ಕಿಂತ ಕಡಿಮೆ ಖರ್ಚಿನ ಸಿನಿಮಾವನ್ನು ನಾನು ಆಮೇಲೂ ನೋಡಿಲ್ಲ. ಬಾವಲಿ ಬಂದಾಗ ಜನ ಶಿಳ್ಳೆ ಹೊಡೆದರು. ಹೀರೋ ಅತ್ತಾಗ ನಕ್ಕರು. ಅವ್ವ ಕಲಸಿದ ರಕ್ತ ಕೂಡ ಒಂದು ಕಡೆ ಗೋಡೆಯ ಮೇಲೆ ಬಂತು, ಆದರೆ ಆ ನೀಲಿಯಲ್ಲಿ ಮಸಿಯಂತೆ ಕಪ್ಪಗೆ ಕಂಡು ಆಕೆಗೆ ಬೇಜಾರಾಯಿತು. ಆಮೇಲೆ ನಮ್ಮ ಅಂಗಳ ಬಂತು. ಬೆಳದಿಂಗಳಲ್ಲಿ ಅದ್ದಿದ ಅಂಗಳ. ನನ್ನ ಬೆನ್ನಿನ ಬೆವರು ತಣ್ಣಗಾಯಿತು. ಮೆಟ್ಟಿಲ ತುದಿಯಲ್ಲಿ ಮಂಜು ಸರಿದು ಒಂದು ಬಿಳಿ ಸೀರೆ ಕಾಣಿಸಿದ್ದೇ ಟಾಕೀಸಿನಲ್ಲಿ ಶಿಳ್ಳೆ ನಿಂತುಹೋಯಿತು. ಅಷ್ಟು ಜನ ಒಟ್ಟಿಗೆ ಉಸಿರು ಹಿಡಿದರೆ ಅದೂ ಒಂದು ಸದ್ದೆಂದು ನನಗೆ ಗೊತ್ತಾದದ್ದು ಅಲ್ಲೇ. ಆಕೆ ಇಳಿದಳು. ಹೀರೋ ಗೋಡೆಗೆ ಬಡಿದುಕೊಂಡ. ನಾನು ಅವ್ವನ ಕೈ ಹಿಡಿದುಕೊಂಡೆ. ಕೊನೆಯ ಮೆಟ್ಟಿಲು. ಕೈ ಮೇಲೆದ್ದಿತು, ಕೂದಲು ಸರಿಯಿತು.

ಕತ್ತರಿಸಿರಲಿಲ್ಲ. ಪರದೆಯ ಈ ತುದಿಯಿಂದ ಆ ತುದಿಯವರೆಗೆ ಆಯಿಯ ಮುಖ. ಪ್ರತಿಯೊಂದು ಸುಕ್ಕೂ ಬೆಳಗುತ್ತಿತ್ತು. ಯಾವ ದೇವರ ಮುಖವನ್ನೂ ನಾನು ಅಷ್ಟು ದೊಡ್ಡದಾಗಿ ನೋಡಿರಲಿಲ್ಲ. ಟಾಕೀಸಿಗೆ ಟಾಕೀಸೇ ಅಮ್ಮೋ ಎಂದು ಕಿರುಚಿತು. ಮುಂದಿನ ಸಾಲಿನ ಗಂಡಸರು ಕುರ್ಚಿಯ ಕೆಳಗೆ ತಲೆ ತಗ್ಗಿಸಿದರು, ಎಲ್ಲೋ ಸೋಡಾ ಬಾಟಲಿ ಉರುಳಿತು, ಮಗುವೊಂದು ಅಳತೊಡಗಿತು. ಅಷ್ಟೆಲ್ಲ ಗದ್ದಲದ ನಡುವೆ ನನ್ನ ಪಕ್ಕದಲ್ಲಿ ಕುಳಿತಿದ್ದ ಆಯಿ ಮೆಲ್ಲಗೆ ಒಂದು ಮಾತು ಅಂದಳು.

"ಯವ್ವಾ."

"ಅಂಜಿದೇನ್ ಆಯಿ?"

"ಇಲ್ಲವಾ. ನಮ್ಮವ್ವ. ಥೇಟ ನಮ್ಮವ್ವ ನೋಡು. ನಾ ಸಣ್ಣಾಕಿ ಇದ್ದಾಗ ತಲಿ ಎರಕೊಂಡು ಬಿಸಲಾಗ ಹಿಂಗ ನಿಂತಿರ್ತಿದ್ಲು. ಮಾರಿ ಮರತ ಹೋಗಿತ್ತು ನನಗ."

ಪರದೆಯ ಮೇಲೆ ಆಗಲೇ ಬೇರೆ ಏನೋ ನಡೆಯುತ್ತಿತ್ತು. ಆಯಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಪ್ಪ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಆಮೇಲೆ ಎದ್ದು ನಿಂತು, ನನ್ನ ತಲೆಯ ಮೇಲಿನಿಂದ ಬಾಗಿ, ಬಹಳ ಮೆತ್ತಗೆ ಕೇಳಿದರು.

"ಯವ್ವಾ, ಮನಿಗೆ ಹೋಗೂಣೇನು?"

ಆಯಿ ಪರದೆಯಿಂದ ಕಣ್ಣು ಕೀಳದೆ ಅವರ ಮೊಣಕೈ ಹಿಡಿದು ಕೆಳಗೆ ಜಗ್ಗಿದಳು.

"ಕೂಡೋ ತಮ್ಮಾ. ಆಕಿ ಇನ್ನೊಮ್ಮಿ ಬಂದರೂ ಬರಬಹುದು."

ಅಪ್ಪ ಕುಳಿತರು.